ನಂಬರ್ ಪ್ಲೇಟ್ ಕಾಣದ ಸಾವಿಗೆ ಎರಡೇ ಲಕ್ಷ

‘ಅಪರಿಚಿತ ವಾಹನ ಡಿಕ್ಕಿ: ಬೈಕ್ ಸವಾರ ಸಾವು’. ಜಿಲ್ಲಾ ಪುಟಗಳಲ್ಲಿ ಈ ತಲೆಬರಹ ಕಾಣದ ವಾರವೇ ಇಲ್ಲ. ನಾಲ್ಕು ಸಾಲಿನ ಸುದ್ದಿ, ಮರುದಿನ ಅದರ ಸುಳಿವೂ ಇರುವುದಿಲ್ಲ. ಠಾಣೆಯಲ್ಲೂ ಕಥೆ ಹೆಚ್ಚುಕಡಿಮೆ ಅಷ್ಟೇ. ವಾಹನ ಪತ್ತೆಯಾಗಲಿಲ್ಲವೆಂದು ಒಂದು ದಿನ ‘ಸಿ ರಿಪೋರ್ಟ್’ ಹೋಗುತ್ತದೆ, ಕಡತ ಮುಚ್ಚುತ್ತದೆ.

ಅದೇ ಸವಾರನಿಗೆ ಗುದ್ದಿದ ಲಾರಿ ಸಿಕ್ಕಿಬಿದ್ದಿತ್ತು, ಅದಕ್ಕೆ ವಿಮೆಯೂ ಇತ್ತು ಎಂದುಕೊಳ್ಳಿ. ವಯಸ್ಸು 25, ತಿಂಗಳ ದುಡಿಮೆ 15 ಸಾವಿರ, ಮನೆಯಲ್ಲಿ ಹೆಂಡತಿ, ಮಗು, ಅಪ್ಪ, ಅಮ್ಮ. ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಹಾಕಿಕೊಟ್ಟ ಲೆಕ್ಕ ಹೀಗೆ ಸಾಗುತ್ತದೆ: ಮುಂದೆ ಹೆಚ್ಚುತ್ತಿದ್ದ ಗಳಿಕೆಗೆಂದು ಶೇ 40 ಸೇರಿಸಿದರೆ 21 ಸಾವಿರ. ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 15,750. ಅದನ್ನು 12 ತಿಂಗಳಿಂದಲೂ, ಆ ವಯಸ್ಸಿಗೆ ನಿಗದಿಯಾದ 18ರ ಗುಣಕದಿಂದಲೂ ಗುಣಿಸಿದರೆ 34 ಲಕ್ಷದ 2 ಸಾವಿರ ರೂಪಾಯಿ. ಅಂತ್ಯಸಂಸ್ಕಾರದ ಖರ್ಚು, ಬಡ್ಡಿ ಬೇರೆ.

ಲಾರಿ ತಪ್ಪಿಸಿಕೊಂಡರೆ? ಗುದ್ದಿ ಓಡಿದ ಪ್ರಕರಣಗಳಿಗೆಂದೇ ಇರುವ ಕೇಂದ್ರದ ಪರಿಹಾರ ಯೋಜನೆಯಿಂದ 2 ಲಕ್ಷ. ಅದೂ 2022ರ ಏಪ್ರಿಲ್‌ನಿಂದ ಈಚೆಗೆ. ಅದಕ್ಕೆ ಮುಂಚೆ ಇದ್ದದ್ದು ಬರೀ 25 ಸಾವಿರ. ಸತ್ತವನ ದುಡಿಮೆ ಒಂದೇ, ಮನೆಯ ಹಸಿವೂ ಒಂದೇ. ಕತ್ತಲಲ್ಲಿ ಯಾರೋ ನಂಬರ್ ಪ್ಲೇಟ್ ಓದಿದರೋ ಇಲ್ಲವೋ ಎಂಬುದರ ಮೇಲೆ 32 ಲಕ್ಷದ ಅಂತರ. ಲಾರಿ ಸಿಕ್ಕರೆ ಕೊಡುವುದೂ ವಿಮಾ ಕಂಪನಿಯೇ, ಸಿಗದಿದ್ದರೆ ಆ ಯೋಜನೆಯ ನಿಧಿಗೆ ಹಣ ತುಂಬುವುದೂ ವಿಮಾ ಕಂಪನಿಗಳೇ. ಹಾಗಿರುವಾಗ ಈ ಅಂತರಕ್ಕೆ ಒಪ್ಪುವಂಥ ಸಮರ್ಥನೆ ನನಗಂತೂ ಕಾಣುವುದಿಲ್ಲ.

ಆ 2 ಲಕ್ಷವಾದರೂ ಕೈ ಸೇರುತ್ತಿದೆಯೇ? 2022ರಲ್ಲಿ ದೇಶದಲ್ಲಿ ಗುದ್ದಿ ಓಡಿದ ಪ್ರಕರಣಗಳಲ್ಲಿ ಸತ್ತವರು 30 ಸಾವಿರಕ್ಕೂ ಹೆಚ್ಚು. 2022–23ರಲ್ಲಿ ಪರಿಹಾರ ಕೇಳಿ ಬಂದ ಅರ್ಜಿ 205, ಇತ್ಯರ್ಥವಾದದ್ದು 95. ಸುಪ್ರೀಂ ಕೋರ್ಟ್ ಮುಂದೆ ಬಂದ ಅಂಕಿಗಳಿವು. ಗಾಡಿಯೇ ಸಿಗದ ಮೇಲೆ ಕೇಸೆಲ್ಲಿ ಎಂದು ಮನೆಯವರು ಸುಮ್ಮನಾಗುತ್ತಾರೆ. ಅಲ್ಲ, ಹೀಗೊಂದು ಯೋಜನೆ ಇದೆಯೆಂದು ಅವರಿಗೆ ಹೇಳಿದವರಾದರೂ ಯಾರು?

2024ರ ಜನವರಿಯಲ್ಲಿ ಕೋರ್ಟ್ ಆ ಹೊಣೆಯನ್ನು ಪೊಲೀಸರ ಮೇಲೆ ಹೊರಿಸಿತು. ತಿಂಗಳೊಳಗೆ ವಾಹನ ಪತ್ತೆಯಾಗದಿದ್ದರೆ ಯೋಜನೆಯ ಬಗ್ಗೆ ಕುಟುಂಬಕ್ಕೆ ಲಿಖಿತವಾಗಿ ತಿಳಿಸಬೇಕು, ಅಪಘಾತದ ವರದಿಯನ್ನು ಕ್ಲೇಮು ವಿಚಾರಣಾಧಿಕಾರಿಗೆ, ಅಂದರೆ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಯಂಥ ಕಂದಾಯ ಅಧಿಕಾರಿಗೆ, ಕಳುಹಿಸಬೇಕು. ಆಮೇಲೂ ಅರ್ಜಿ ಬಾರದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವೇ ಮನೆಯವರನ್ನು ಹುಡುಕಿಕೊಂಡು ಹೋಗಬೇಕು. ಮೊತ್ತವನ್ನು ವರ್ಷವರ್ಷ ಏರಿಸುವ ಬಗ್ಗೆ ಯೋಚಿಸಿ ಎಂದು ಕೇಂದ್ರಕ್ಕೂ ಹೇಳಿತು. ಒಳ್ಳೆಯ ಆದೇಶವೇ. ಆದರೆ ಠಾಣೆಯ ವರದಿ ಹೇಗೂ ಕಂದಾಯ ಅಧಿಕಾರಿಯ ಮೇಜಿಗೆ ಹೋಗುವುದಾದರೆ ಅದನ್ನೇ ಅರ್ಜಿಯೆಂದು ಪರಿಗಣಿಸಲು ಅಡ್ಡಿಯೇನು? ಸೂತಕದ ಮನೆಯವರು ನಮೂನೆ ತುಂಬಿಸಿಕೊಂಡು ಕಚೇರಿ ಅಲೆಯಬೇಕೇಕೆ? ನಿಯಮ ತಿದ್ದಬೇಕಾದದ್ದು ಇಲ್ಲಿ.

ತಿದ್ದುವವರೆಗೂ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರಿನಲ್ಲಿ 2022ರ ಏಪ್ರಿಲ್ ನಂತರ ಹೀಗೆ ಯಾರಾದರೂ ತೀರಿಕೊಂಡಿದ್ದರೆ, ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ ಹಿಡಿದು ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಗೆ ಹೋಗಿ ವಿಚಾರಿಸುವಂತೆ ಆ ಮನೆಯವರಿಗೆ ಹೇಳಿ. ಆಮೇಲೆ ವಾಹನ ಸಿಕ್ಕರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೂ ಪರಿಹಾರ ಕೇಳಬಹುದು. ಆಗ ಬರುವ ಪರಿಹಾರದಲ್ಲಿ ಈ 2 ಲಕ್ಷವನ್ನು ಮುರಿದುಕೊಳ್ಳುತ್ತಾರೆ, ಅಷ್ಟೇ.