ಎರಡು ಇದ್ದಿಲ ಬೆಂಕಿ

ಉಳಿದವರೆಲ್ಲ ಓಡಿದರೂ ತಾನು ಗುರುವಿನ ಕೈ ಬಿಡುವುದಿಲ್ಲ ಎಂದವನು ಪೇತ್ರ. ಆ ಮಾತು ಒಂದು ರಾತ್ರಿಯೂ ಉಳಿಯಲಿಲ್ಲ. ಯೇಸುವನ್ನು ಬಂಧಿಸಿ ಮಹಾಯಾಜಕನ ಮನೆಗೆ ಒಯ್ದಾಗ, ಅಂಗಳದಲ್ಲಿ ಇದ್ದಿಲ ಬೆಂಕಿಯೆದುರು ಚಳಿ ಕಾಯಿಸುತ್ತಿದ್ದ ಪೇತ್ರ, ತಾನು ಅವರ ಶಿಷ್ಯನೇ ಅಲ್ಲವೆಂದು ಮೂರು ಸಲ ಹೇಳಿದ. ಕೋಳಿ ಕೂಗಿತು.

ಇದು ಯೋಹಾನನ ಸುವಾರ್ತೆಯ 18ನೇ ಅಧ್ಯಾಯ. 21ನೇ ಅಧ್ಯಾಯದಲ್ಲಿ ಪೇತ್ರ ಮತ್ತೆ ಮೀನು ಹಿಡಿಯಲು ಹೋಗಿದ್ದಾನೆ. ಬೆಳಗಿನ ಜಾವ ದಡಕ್ಕೆ ಬಂದರೆ ಪುನರುತ್ಥಾನಗೊಂಡ ಯೇಸು ಅಲ್ಲಿದ್ದಾರೆ. ಅಲ್ಲೂ ಇದ್ದಿಲ ಬೆಂಕಿ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಆ ಪದ ಬರುವುದು ಈ ಎರಡೇ ಕಡೆ.

ವಾಸನೆಗೂ ನೆನಪಿಗೂ ಹತ್ತಿರದ ನಂಟು. ಮಿದುಳಿನಲ್ಲಿ ವಾಸನೆಯನ್ನು ಗ್ರಹಿಸುವ ಭಾಗ, ನೆನಪು ಮತ್ತು ಭಾವನೆಗಳ ಭಾಗಗಳಿಗೆ ನೇರವಾಗಿ ಜೋಡಿಕೊಂಡಿದೆ. ಆ ಹೊಗೆಯಲ್ಲಿ ಪೇತ್ರನಿಗೆ ಅಂಗಳದ ಆ ರಾತ್ರಿ ನೆನಪಾಗದೆ ಇದ್ದೀತೆ?

ಯೇಸು ಬೈಯಲಿಲ್ಲ. ಮೊದಲು ರೊಟ್ಟಿ, ಮೀನು ಕೊಟ್ಟರು. ಆಮೇಲೆ, ತಮ್ಮ ಮೇಲೆ ಪ್ರೀತಿಯಿದೆಯೇ ಎಂದು ಮೂರು ಸಲ ಕೇಳಿದರು. ಮೂರನೆಯ ಸಲ ಪೇತ್ರ ನೊಂದುಕೊಂಡ. ಗಾಯ ತೊಳೆಯುವಾಗ ಉರಿಯದೆ ಇರುವುದಿಲ್ಲ. ಒಂದೊಂದು ಉತ್ತರಕ್ಕೂ ಯೇಸು ವಹಿಸಿದ್ದು ತಮ್ಮ ಕುರಿಗಳನ್ನು ಕಾಯುವ ಹೊಣೆ.

ಜಾರಿ ಬಿದ್ದವನಿಗೆ ಕ್ರೈಸ್ತ ಧರ್ಮ ತೋರುವ ದಾರಿ ಇದು. ತಪ್ಪನ್ನು ಮುಚ್ಚಿಡುವಂತಿಲ್ಲ, ಅದರಲ್ಲೇ ಕೊರಗಿ ಕೂರುವಂತೆಯೂ ಇಲ್ಲ. ಎದ್ದು ಮಾಡಬೇಕಾದ ಕೆಲಸವಿದೆ. ಎಲ್ಲರಿಗಿಂತ ತಾನೇ ಗಟ್ಟಿಗನೆಂದಿದ್ದವನು ಈಗ, ತನ್ನ ಪ್ರೀತಿ ನಿಮಗೇ ಗೊತ್ತು ಎಂದಷ್ಟೇ ಹೇಳುತ್ತಾನೆ. ಕುರಿ ಕಾಯಲು ಆ ಪೇತ್ರನಿಗಿಂತ ಈ ಪೇತ್ರನೇ ಯೋಗ್ಯ.