ಕುಕ್ಕರ್ ಬಿಚ್ಚೋ ಕೈಗೆ ನಾಕು ಸ್ಕ್ರೂ ಭಾರ ಏನು?

ಮೊನ್ನೆ ಮಂಗಳಗೌರಿ ಅರಿಷಿಣ-ಕುಂಕುಮಕ್ಕ ಬಂದಾಗ ಮೂರು ಮಂದಿ ನನಗ ಒಂದ ಮಾತು ಕೇಳಿದ್ರಿ: "ಅಲ್ಲವಾ, ಈ ವಯಸ್ಸಿನಾಗ ಕಂಪ್ಯೂಟರ್ ಯಾಕ ಬಿಚ್ಚಲಿಕ್ಕೆ ಹೋದಿ? ಅದೇನು ಹೆಂಗಸರ ಕೆಲಸನ?" ಆರತಿ ಮುಂದ ಜಗಳ ಬ್ಯಾಡ ಅಂತ ಸುಮ್ಮನಿದ್ದೆ. ಈಗ ಹೇಳ್ತೇನಿ, ಕೇಳ್ರಿ.

ಮಗಳು ಮನಿಯಿಂದನ ಕೆಲಸಾ ಮಾಡ್ತಾಳ. ಅಕಿ ಕಂಪ್ಯೂಟರ್ ಕಾಯ್ದು, ಫ್ಯಾನು ಗಿರಣಿ ಹಂಗ ಸಪ್ಪಳಾ ಮಾಡಿ, ತಾನ ಬಂದ್ ಆಗ್ತಿತ್ತು. ಅಂಗಡಿಯವ ಮುಚ್ಚಳಾ ಸುದ್ದಾ ತಗೀಲಿಲ್ಲ, "ಹಳೇದಾತು, ಹೊಸಾದು ತಗೋರಿ" ಅಂದ. ಇನ್ನ ನನ್ನ ಮೈದುನ. ಹೋದ ವರ್ಷ ತನ್ನ ಮಷೀನಿನ ಹೀಟ್‌ಸಿಂಕ್ ಒಮ್ಮೆಲೇ ಮ್ಯಾಲೆ ಜಗ್ಗಿದ. ಪೇಸ್ಟ್ ಒಣಗಿ ಅಂಟಿತ್ತು, ಪ್ರೊಸೆಸರೂ ಕಿತ್ತು ಬಂತು. ಎಎಂಡಿ ಎಎಂ4 ಸಾಕೆಟ್ಟಿನ ಪ್ರೊಸೆಸರಿಗೆ ಪಿನ್ನು ತಳದಾಗ ಇರ್ತಾವ, ಎಲ್ಲಾ ಸೊಟ್ಟ ಆದವು. ಅವಂಗ ಯಾರೂ "ಇದು ಗಂಡಸರ ಕೆಲಸ ಅಲ್ಲ" ಅನ್ನಲಿಲ್ಲ ನೋಡ್ರಿ!

ಹೀಟ್‌ಸಿಂಕ್ ಅಂದ್ರ ಬ್ರಹ್ಮವಿದ್ಯಾ ಅಲ್ಲ. ಪ್ರೊಸೆಸರಿನ ಕಾವು ಹೀರಿ ಗಾಳಿಗೆ ಬಿಡೋ ಲೋಹದ ಗಟ್ಟಿ. ಎರಡರ ನಡುವ ಗಾಳಿ ಉಳದ್ರ ಕಾವು ಸರಿಯಾಗಿ ದಾಟಂಗಿಲ್ಲ, ಅದಕ್ಕ ಪೇಸ್ಟ್.

ನಮ್ಮ ಸಾಕೆಟ್ಟಿಗೆ ಕೂಡತದೋ ಇಲ್ಲೋ ನೋಡಿ ಹೊಸಾದು ತರಿಸಿದೆ. ಪೇಸ್ಟ್ ಮೆತ್ತಗಾಗ್ಲಿ ಅಂತ ಕಂಪ್ಯೂಟರ್ ಸ್ವಲ್ಪ ಹೊತ್ತು ನಡಿಸಿದೆ. ಆಮ್ಯಾಲೆ ಬಂದ್ ಮಾಡಿ, ವೈರ್ ಕಿತ್ತಿ, ಪವರ್ ಬಟನ್ ಒತ್ತಿ ಹಿಡದೆ. ಮೈಯಾಗಿನ ಸ್ಟ್ಯಾಟಿಕ್ ಹೋಗ್ಲಿ ಅಂತ ಡಬ್ಬಿಯ ಬರೇ ಕಬ್ಬಿಣ ಮುಟ್ಟಿದೆ. ಫ್ಯಾನಿನ ವೈರ್ ಬಿಚ್ಚಿ, ಸ್ಕ್ರೂ ಒಂದು ಮೂಲಿಯಿಂದ ಎದುರು ಮೂಲಿಗೆ, ಸ್ವಲ್ಪ ಸ್ವಲ್ಪನ ಸಡಲಿಸಿದೆ. ಆಮ್ಯಾಲೆ ಜಗ್ಗಲಿಲ್ಲ. ಬಿಗಿಯಾದ ಡಬ್ಬಿ ಮುಚ್ಚಳಾ ಹಂಗ ಎಡಕ್ಕ ಬಲಕ್ಕ ಸಾವಕಾಶ ತಿರುವಿದೆ, ತಾನ ಬಿಡ್ತು.

ಹಳೇ ಪೇಸ್ಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ನೂಲು ಬಿಡಲಾರದ ಅರಿವಿಲೆ ಒರಸಿದೆ. ಹೊಸಾ ಪೇಸ್ಟ್ ಬಟಾಣಿಯಷ್ಟ ಸಾಕು, ಹೋಳಿಗಿಗೆ ತುಪ್ಪಾ ಸುರದಂಗ ಅಲ್ಲ. ಕೆಲವೊಂದಕ್ಕ ಮೊದಲ ಹಚ್ಚಿ ಕೊಟ್ಟಿರ್ತಾರ, ಅದಕ್ಕ ಮತ್ತ ಹಚ್ಚಬ್ಯಾಡ್ರಿ. ತಳದ ಪ್ಲಾಸ್ಟಿಕ್ ಹಾಳಿ ಇದ್ರ ಮರೀದ ತಗೀರಿ. ನೆಟ್ಟಗ ಕೂಡಿಸಿ, ಎದುರುಬದರು ಸ್ಕ್ರೂ ಬಿಗದು, ಫ್ಯಾನಿನ ವೈರ್ ಮತ್ತ ಸಿಕ್ಕಿಸಿದೆ. ಚಾಲೂ ಮಾಡಿ ಫ್ಯಾನು ತಿರುಗ್ತದೋ ಇಲ್ಲೋ ಮೊದಲ ನೋಡಿದೆ.

ತಿಳೀಲಾರದ್ದಕ್ಕ ಕೈ ಹಚ್ಚಬ್ಯಾಡ್ರಿ ಅಂದ್ರ ನಾನೂ ಒಪ್ತೇನಿ. ಪವರ್ ಸಪ್ಲೈ ಡಬ್ಬಿ ನಾ ಬಿಚ್ಚಂಗಿಲ್ಲ, ವೈರ್ ಕಿತ್ತ ಮ್ಯಾಲೂ ಅದರಾಗ ಕರೆಂಟ್ ಉಳಿದಿರ್ತದ. ಆದ್ರ ತಿಳಕೊಳ್ಳೋದೂ ಬ್ಯಾಡ ಅಂದ್ರ ಹೆಂಗ? ಮೂವತ್ತು ವರ್ಷದಿಂದ ಕುಕ್ಕರಿನ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್, ಸಿಲಿಂಡರಿನ ರೆಗ್ಯುಲೇಟರ್ ಎಲ್ಲಾ ನಮ್ಮ ಕೈಯಾಗ ಅವ. ತಪ್ಪಿದ್ರ ಮನಿನ ಸುಡ್ತದ. ಆವಾಗ "ನಿನಗೇನು ತಿಳೀತದ" ಅಂತ ಒಬ್ಬರೂ ಕೇಳಲಿಲ್ಲ. ನಾಕು ಸ್ಕ್ರೂಕ್ಕ ಮಾತ್ರ ಕೇಳ್ತಾರ. ಅದನ್ನ ನಾವೂ ನಮ್ಮ ಹೆಣ್ಣುಮಕ್ಕಳಿಗೆ ಹೇಳಬೇಕೇನು?

ಮಗಳ ಕಂಪ್ಯೂಟರ್ ಈಗ ಸಪ್ಪಳಾ ಇಲ್ಲದ ನಡೀಲಿಕತ್ತದ. ನೋಡಬೇಕನ್ನೋರು ಮುಂದಿನ ಮಂಗಳವಾರ ಬರ್ರಿ, ಚಹಾನೂ ಅದ, ಸ್ಕ್ರೂಡ್ರೈವರೂ ಅದ.