ಘಾಟು ಶುಚಿಯಲ್ಲ

2020ರ ಮಾರ್ಚ್ ಕೊನೆಯಲ್ಲಿ ಉತ್ತರ ಪ್ರದೇಶದ ಬರೇಲಿಯಲ್ಲಿ ವಲಸೆ ಕಾರ್ಮಿಕರನ್ನು ರಸ್ತೆಯ ಮೇಲೆ ಕುಕ್ಕರುಗಾಲಲ್ಲಿ ಕೂರಿಸಿದರು. ಗಂಡಸರು, ಹೆಂಗಸರು, ಮಕ್ಕಳು. ಲಾಕ್‌ಡೌನ್‌ನಲ್ಲಿ ಕೂಲಿ ಕಳೆದುಕೊಂಡು ಊರಿನ ದಾರಿ ಹಿಡಿದವರು. ಕಣ್ಣು ಮುಚ್ಚಿಕೊಳ್ಳಿ, ಮಕ್ಕಳ ಕಣ್ಣೂ ಮುಚ್ಚಿ ಎಂದು ಹೇಳಿ, ಸೋಡಿಯಂ ಹೈಪೋಕ್ಲೋರೈಟ್ ಬೆರೆಸಿದ ನೀರನ್ನು ಪೈಪಿನಿಂದ ಅವರ ಮೈಮೇಲೆ ಎರಚಿದರು. ಕಣ್ಣು ಉರಿಯುತ್ತಿದೆ ಎಂದು ಹಲವರು ಗೋಳಿಟ್ಟರು. ವಿಡಿಯೊ ದೇಶವೆಲ್ಲ ಹರಡಿದ ಮೇಲೆ ಜಿಲ್ಲಾಡಳಿತ ಬಾಯಿಬಿಟ್ಟಿತು: ಬಸ್ಸುಗಳನ್ನು ಶುಚಿ ಮಾಡಲು ಹೇಳಿದ್ದೆವು, ಸಿಬ್ಬಂದಿ ಅತ್ಯುತ್ಸಾಹ ತೋರಿದರು.

ಎಂಥ ಉತ್ಸಾಹ ಇದು? ವೈರಸ್ ಈ ದೇಶಕ್ಕೆ ವಿಮಾನದಲ್ಲಿ ಬಂತು. ವಿಮಾನದಿಂದ ಇಳಿದವರನ್ನು ಸಾಲಾಗಿ ಕುಕ್ಕರಿಸಿ ಬ್ಲೀಚು ಎರಚುವ ಧೈರ್ಯ ಯಾವ ಅಧಿಕಾರಿಗೂ ಬರಲಿಲ್ಲ. ಊರಿಗೆ ಮರಳುತ್ತಿದ್ದ ಬಡವರ ಮೇಲೆ ಪೈಪು ತಿರುಗಿತು. ಬಸ್ಸಿನ ತಗಡಿಗೂ ಕೂಲಿಯವನ ಚರ್ಮಕ್ಕೂ ವ್ಯತ್ಯಾಸ ಕಾಣದ ಕಣ್ಣಿಗೆ ಅದು ಉತ್ಸಾಹ. ನನ್ನ ಕಣ್ಣಿಗೆ ಅದು ಹಲ್ಲೆ.

ಆ ಹಲ್ಲೆಯಿಂದ ಒಂದು ವೈರಸ್ಸಾದರೂ ಸತ್ತು ಯಾರಿಗಾದರೂ ಉಪಕಾರವಾಯಿತೇ? ಇಲ್ಲ. ಸೋಂಕು ಇದ್ದರೆ ಅದು ಮೂಗು, ಗಂಟಲು, ಶ್ವಾಸಕೋಶದ ಒಳಗಿರುತ್ತದೆ. ಮೈಗೆ, ಬಟ್ಟೆಗೆ ಎಷ್ಟು ಬ್ಲೀಚು ಸುರಿದರೂ ಒಳಗಿನ ವೈರಸ್‌ಗೆ ಅದು ತಾಕುವುದಿಲ್ಲ. ಚರ್ಮ, ಕಣ್ಣು, ಗಂಟಲಿಗೆ ಮಾತ್ರ ತಾಕುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯವೇ 2020ರ ಏಪ್ರಿಲ್ 18ರಂದು ಇದನ್ನು ಹೇಳಿತು: ಯಾವ ಸಂದರ್ಭದಲ್ಲೂ ಮನುಷ್ಯರ ಮೇಲೆ ಸಿಂಪಡಿಸಬಾರದು, ಅದು ದೇಹಕ್ಕೂ ಮನಸ್ಸಿಗೂ ಹಾನಿ. ಆದರೂ ಮಾರುಕಟ್ಟೆ, ಕಚೇರಿ, ಕಾರ್ಖಾನೆಗಳ ಬಾಗಿಲಲ್ಲಿ ಸಿಂಪಡಣೆಯ ಸುರಂಗಗಳು ತಿಂಗಳುಗಟ್ಟಲೆ ನಿಂತೇ ಇದ್ದವು. ರಿಬ್ಬನ್ ಕತ್ತರಿಸಿ ಉದ್ಘಾಟಿಸಿದವರಿದ್ದರು. ಕೊನೆಗೆ ಒಬ್ಬ ಕಾನೂನು ವಿದ್ಯಾರ್ಥಿ ಸುಪ್ರೀಂ ಕೋರ್ಟಿನ ಬಾಗಿಲು ಬಡಿಯಬೇಕಾಯಿತು. ನವೆಂಬರ್ 5ರಂದು ಕೋರ್ಟು, ಸಲಹೆ ಕೊಟ್ಟು ಕೈತೊಳೆದುಕೊಂಡರೆ ಸಾಲದು, ಒಂದು ತಿಂಗಳೊಳಗೆ ನಿರ್ದೇಶನ ಹೊರಡಿಸಿ ಎಂದು ಕೇಂದ್ರಕ್ಕೆ ಹೇಳಿತು. ತಪ್ಪೆಂದು ಗೊತ್ತಾದ ಮೇಲೂ ನಿಲ್ಲಿಸಲು ಆರು ತಿಂಗಳಿಗೂ ಹೆಚ್ಚು ಬೇಕಾಯಿತು.

ಮನುಷ್ಯರಾದ ಮೇಲೆ ಮಣ್ಣು, ನೀರು. ರಸ್ತೆ, ಮರ, ಗೋಡೆ, ಖಾಲಿ ಬಯಲು ಯಾವುದನ್ನೂ ಬಿಡದೆ ಟ್ಯಾಂಕರುಗಳು ಹೈಪೋಕ್ಲೋರೈಟ್ ಸುರಿದವು. ರಸ್ತೆಯ ಧೂಳು, ಮಣ್ಣು, ಕಸ ಆ ಕ್ಲೋರಿನ್ನನ್ನು ಕ್ಷಣದಲ್ಲಿ ನುಂಗಿಹಾಕುತ್ತವೆ. ಬಿಸಿಲು ಉಳಿದದ್ದನ್ನು ಮುಗಿಸುತ್ತದೆ. ಬೀದಿಗೆ ಸಿಂಪಡಿಸುವುದರಿಂದ ಪ್ರಯೋಜನವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಮೇ ತಿಂಗಳಲ್ಲೇ ಬರೆದು ಹೇಳಿತು. ಮೂರ್ಖತನಕ್ಕೆ ಗಡಿಯೂ ಇರಲಿಲ್ಲ. ಸ್ಪೇನ್‌ನ ಜಹಾರಾ ದೆ ಲೊಸ್ ಅತೂನೆಸ್ ಎಂಬ ಕಡಲೂರಿನಲ್ಲಿ ಮಕ್ಕಳು ಹೊರಗೆ ಬರುವ ಮುನ್ನ ಬೀಚು ಶುದ್ಧವಾಗಲಿ ಎಂದು ಟ್ರ್ಯಾಕ್ಟರುಗಳು ಎರಡು ಕಿಲೋಮೀಟರಿಗೂ ಹೆಚ್ಚು ಮರಳಿಗೆ ಬ್ಲೀಚು ಸುರಿದವು. ಹಕ್ಕಿಗಳು ಮರಳಿನಲ್ಲೇ ಮೊಟ್ಟೆಯಿಡುವ ದಡ ಅದು. ಮೊಟ್ಟೆಗಳೂ ಹುಳಹುಪ್ಪಟೆಗಳೂ ನಾಶವಾದವೆಂದು ಪರಿಸರ ಕಾರ್ಯಕರ್ತರು ಕೂಗಿಕೊಂಡರು. ಅಲ್ಲಿನ ಸ್ಥಳೀಯ ಅಧಿಕಾರಿ ತಪ್ಪೊಪ್ಪಿಕೊಂಡ. ನಮ್ಮಲ್ಲಿ ಒಪ್ಪಿಕೊಂಡವರೆಷ್ಟು?

ನಮ್ಮಲ್ಲಂತೂ ಇದು ಕೊರೊನಾದೊಂದಿಗೆ ಬಂದ ಚಾಳಿಯಲ್ಲ. ಜಾತ್ರೆ ಬಂತು, ಮಂತ್ರಿ ಬಂದರು, ಊರಲ್ಲಿ ವಾಂತಿಭೇದಿ ಕಾಣಿಸಿತು ಎಂದರೆ ರಸ್ತೆಯ ಅಂಚಿಗೆ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ ಎಳೆಯುತ್ತಾರೆ. ಚರಂಡಿ ಕಟ್ಟಿಕೊಂಡೇ ಇರುತ್ತದೆ, ಕುಡಿಯುವ ನೀರಿನ ಪೈಪು ಅದೇ ಚರಂಡಿಯೊಳಗೆ ಒಡೆದುಕೊಂಡೇ ಇರುತ್ತದೆ. ಮೇಲೆ ಗೆರೆ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಅದೇ ಪುಡಿಯನ್ನು ಸರಿಯಾಗಿ ಅಳೆದು ನೀರಿನ ಟ್ಯಾಂಕಿಗೆ ಹಾಕಿದ್ದರೆ ಊರಿನ ಜೀವ ಉಳಿಯುತ್ತಿತ್ತು. ಹೊಸದಾಗಿದ್ದಾಗ ಅದರಲ್ಲಿ ಸುಮಾರು ಶೇ 33ರಷ್ಟು ಕ್ಲೋರಿನ್ ಇರುತ್ತದೆ. ತೇವದ ಗೋದಾಮಿನಲ್ಲಿ ಚೀಲ ಬಿಚ್ಚಿಟ್ಟರೆ ಆ ಶಕ್ತಿ ಹಾರಿಹೋಗಿ ಸುಣ್ಣ ಉಳಿಯುತ್ತದೆ. ಬೇಕಾದ ಕಡೆಗೆ ಸತ್ವ ಹೋದ ಪುಡಿ, ಬೇಡವಾದ ಕಡೆಗೆ ಚೀಲಗಟ್ಟಲೆ. ಮಳೆ ಬಂದಾಗ ಬೀದಿಯಲ್ಲಿ ಕರಗದೆ ಉಳಿದ ಪುಡಿ ರಾಜಕಾಲುವೆ ಹಿಡಿದು ಕೆರೆಯತ್ತ ಸಾಗುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂನ ಐವತ್ತನೇ ಒಂದು ಭಾಗದಷ್ಟು ಕ್ಲೋರಿನ್ ಕೂಡ ಜಲಚರಗಳಿಗೆ ಅಪಾಯ.

ಇದನ್ನೆಲ್ಲ ಎರಚುವ ಕೈ ಯಾರದು? ಪೌರಕಾರ್ಮಿಕರದು. ಬರಿಗೈಯಲ್ಲಿ ಪುಡಿ ಬಾಚುವ, ಸೆರಗನ್ನೇ ಮಾಸ್ಕು ಮಾಡಿಕೊಳ್ಳುವ ಹೆಣ್ಣುಮಕ್ಕಳದು. ಆಸ್ಪತ್ರೆಯ ನೆಲ ಒರೆಸುವವರದು, ಮನೆಗೆಲಸದವರದು. ಕಕ್ಕಸು ಬೆಳ್ಳಗಾಗಲಿ ಎಂದು ಆಸಿಡ್ಡಿನ ಮೇಲೆ ಬ್ಲೀಚು ಸುರಿಸುತ್ತಾರೆ. ಕಿಟಕಿಯಿಲ್ಲದ ಆ ಗೂಡಿನಲ್ಲಿ ಏಳುವುದು ಕ್ಲೋರಿನ್ ಅನಿಲ, ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅದೇ ಅನಿಲ. ಬ್ಲೀಚಿಗೆ ಅಮೋನಿಯಾ ಸೇರಿದರೂ ವಿಷಗಾಳಿಯೇ. ಬೆರೆಸಬೇಡಿ ಎಂದು ಅವರಿಗೆ ಯಾರೂ ಹೇಳಿಲ್ಲ. ಬಾಟಲಿಯ ಮೇಲೆ ಇರುವೆಯಂಥ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿದೆ. ಅಮೆರಿಕದಲ್ಲಿ 73 ಸಾವಿರಕ್ಕೂ ಹೆಚ್ಚು ನರ್ಸುಗಳನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನ, ಕೆಲಸದಲ್ಲಿ ಸೋಂಕುನಾಶಕಗಳ ಒಡನಾಟವಿದ್ದವರಿಗೆ ಉಸಿರು ಕಟ್ಟಿಸುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯ ಅಪಾಯ ಶೇ 25ರಿಂದ 38ರಷ್ಟು ಹೆಚ್ಚು ಎಂದಿತು. ಗ್ಲೌಸು, ತರಬೇತಿ ಇದ್ದ ಆಸ್ಪತ್ರೆಗಳ ಕಥೆ ಇದು. ನಮ್ಮ ಗುತ್ತಿಗೆ ಕಾರ್ಮಿಕರ ಶ್ವಾಸಕೋಶದ ಲೆಕ್ಕ ಯಾರು ಇಟ್ಟಿದ್ದಾರೆ?

ಘಾಟು ಬಂದರೆ ಶುಚಿಯಾಯಿತು ಎಂಬ ಸುಳ್ಳು ನಮ್ಮ ತಲೆಯೊಳಗೆ ಕೂತಿದೆ. ಅಂಗಡಿಯ ಬಾಟಲಿಯ ಮೇಲೆ ಮಲ್ಲಿಗೆ, ನಿಂಬೆಯ ಚಿತ್ರ ದೊಡ್ಡದು, ಒಳಗಿರುವ ರಾಸಾಯನಿಕದ ಹೆಸರು ಚಿಕ್ಕದು. ಕಪ್ಪು ಫಿನಾಯಿಲ್ ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಳ್ಳುವ ಬೆಕ್ಕಿಗೆ ಅದು ವಿಷ. ಫಿನಾಯಿಲ್‌ನಲ್ಲಿರುವ ಫೀನಾಲನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು. ತೆವಳುವ ಮಗುವಿನ ಅಂಗೈಯೂ ಅದೇ ನೆಲದ ಮೇಲಿರುತ್ತದೆ.

ಸುರಕ್ಷಿತ ದಾರಿ ಇಲ್ಲದಿದ್ದರೆ ಈ ಸಿಟ್ಟಿಗೆ ಅರ್ಥವಿರುತ್ತಿರಲಿಲ್ಲ. ದಾರಿ ಇದೆ, ಅಗ್ಗವಾಗಿಯೇ ಇದೆ. ಕೊರೊನಾ, ಇನ್‌ಫ್ಲುಯೆಂಜಾದಂಥ ವೈರಸ್‌ಗಳಿಗೆ ಕೊಬ್ಬಿನ ಹೊದಿಕೆಯಿದೆ. ಸಾಮಾನ್ಯ ಸೋಪು ಅದನ್ನು ಒಡೆದುಹಾಕುತ್ತದೆ. ಕೈಗೆ ಸೋಪು, ನೀರು. ನೀರಿಲ್ಲದ ಕಡೆ ಶೇ 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಸ್ಯಾನಿಟೈಸರ್. ಬಾಗಿಲ ಹಿಡಿ, ಮೇಜಿಗೆ ಮೊದಲು ಸೋಪಿನ ನೀರು, ಏಕೆಂದರೆ ಕೊಳೆಯ ಮೇಲೆ ಯಾವ ಸೋಂಕುನಾಶಕವೂ ಸರಿಯಾಗಿ ಕೆಲಸ ಮಾಡದು. ಆಮೇಲೂ ಬೇಕೆನಿಸಿದರೆ ಶೇ 70ರ ಆಲ್ಕೋಹಾಲ್ ಅಥವಾ ಹೈಡ್ರೋಜನ್ ಪೆರಾಕ್ಸೈಡ್. ಪೆರಾಕ್ಸೈಡ್ ಕೊನೆಗೆ ನೀರು, ಆಮ್ಲಜನಕವಾಗಿ ಒಡೆಯುತ್ತದೆ. ವಾಂತಿಭೇದಿ ತರುವ ನೊರೊವೈರಸ್‌ಗೆ ಕೊಬ್ಬಿನ ಹೊದಿಕೆಯಿಲ್ಲ, ಆಲ್ಕೋಹಾಲಿಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ; ಅಲ್ಲಿ ಬ್ಲೀಚು ಬೇಕಾಗುತ್ತದೆ. ಶೇ 5ರ ಬ್ಲೀಚಿನ 20 ಮಿಲಿಲೀಟರಿಗೆ ನೀರು ಸೇರಿಸಿ ಒಂದು ಲೀಟರ್ ಮಾಡಿದರೆ ಶೇ 0.1ರ ದ್ರಾವಣ. ಅಂದಂದು ಬೆರೆಸಿ, ಗ್ಲೌಸು ಹಾಕಿ, ಕಿಟಕಿ ತೆರೆದು, ಬಟ್ಟೆಯಲ್ಲಿ ಒರೆಸಿ, ಬಾಟಲಿ ಹೇಳಿದಷ್ಟು ನಿಮಿಷ ಒದ್ದೆಯಾಗಿರಲು ಬಿಡಬೇಕು. ಆದರೆ ಕೊರೊನಾ ಹೆಚ್ಚಾಗಿ ಹರಡಿದ್ದು ಉಸಿರಿನ ಗಾಳಿಯಿಂದ. ಸೋಂಕು ತಗುಲಿದ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ರೋಗ ಬರುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) 2021ರಲ್ಲಿ ಹೇಳಿತು. ರಸ್ತೆಗೆ ಸುರಿದ ಹಣದಲ್ಲಿ ಶಾಲೆ, ಹಾಸ್ಟೆಲು, ಆಸ್ಪತ್ರೆಯ ವಾರ್ಡುಗಳಿಗೆ ಎಷ್ಟು ಕಿಟಕಿ ಇಡಬಹುದಿತ್ತು!

ಹಾಗಾಗಿ ಕೇಳುತ್ತೇವೆ. ಮನುಷ್ಯರ ಮೇಲೆ ಸೋಂಕುನಾಶಕ ಎರಚಿದರೆ ಅದು ದಂಡನೀಯ ಅಪರಾಧವಾಗಲಿ. ರಸ್ತೆಗೆ, ಚರಂಡಿಯಂಚಿಗೆ ಪುಡಿ ಚೆಲ್ಲುವ ಟೆಂಡರುಗಳು ನಿಲ್ಲಲಿ. ಪ್ರತಿ ಬಾಟಲಿಯ ಮೇಲೆ ಏನಿದೆ, ಎಷ್ಟು ಬೆರೆಸಬೇಕು, ಯಾವುದರೊಂದಿಗೆ ಬೆರೆಸಬಾರದು ಎಂಬುದು ದೊಡ್ಡ ಕನ್ನಡ ಅಕ್ಷರದಲ್ಲಿರಲಿ. ಶುಚಿ ಮಾಡುವವರಿಗೆ ಗ್ಲೌಸು, ಕನ್ನಡಕ, ತರಬೇತಿ ಸಿಗಲಿ. ಮುಂದಿನ ಸಾಂಕ್ರಾಮಿಕ ಬಂದೇ ಬರುತ್ತದೆ. ಆಗ ಪೈಪು ಹಿಡಿದು ಬರುವವರನ್ನು ತಡೆದು, ಇದರಲ್ಲಿ ಏನಿದೆ, ಎಷ್ಟಿದೆ, ಯಾಕೆ ಎಂದು ಕೇಳಿ. ಉತ್ತರ ಬರುವವರೆಗೆ ದಾರಿ ಬಿಡಬೇಡಿ.